ರಜೆಯಲ್ಲಿ ಓದೋ ಮಕ್ಕಳು, ಪ್ರಶ್ನೆ ಕೇಳೋ ಬೇತಾಳಗಳು

ಏಪ್ರಿಲ್ ಹತ್ತನೇ ತಾರೀಖು ಅಂದ್ರೆ ನಮ್ಮ ವಯಸ್ಸಿನವರಿಗೆ ಈಗಲೂ ಹೊಟ್ಟೆಯಲ್ಲಿ ಸಣ್ಣಗೆ ಕಲಸಿದ ಹಾಗಾಗುತ್ತೆ. ರಿಸಲ್ಟಿನ ದಿನ. ಪಾಸು ಅಂತ ಗೊತ್ತಾದ ಮೇಲೆ ಮೇ ಕೊನೆಯವರೆಗೂ ನಮ್ಮನ್ನು ಯಾರೂ ವಿಚಾರಿಸುತ್ತಿರಲಿಲ್ಲ. ವಿಚಾರಿಸಿದರೆ ಅದು ಹಪ್ಪಳ ಕಾಯೋದಕ್ಕೆ ಮಾತ್ರ. ಹಲಸಿನಕಾಯಿ ಹಪ್ಪಳವನ್ನು ಅಂಗಳದ ಚಾಪೆ ಮೇಲೆ ಹರವಿ, ಕೈಗೊಂದು ಕೋಲು ಕೊಟ್ಟು, ಕಾಗೆ ಬರದ ಹಾಗೆ ನೋಡ್ಕೊ ಅಂತ ಕೂರಿಸುತ್ತಿದ್ದರು. ಕಾಗೆ ಎಷ್ಟೊತ್ತಿಗೋ ಒಂದು ಬರೋದು. ಮಿಕ್ಕ ಹೊತ್ತಲ್ಲಿ ಮಾಡೋಕೆ ಏನೂ ಇಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆವು. ಚಂದಮಾಮ, ಬಾಲಮಂಗಳ, ಪಂಚಾಂಗದ ಹಿಂದಿನ ಪುಟದ ಜಾಹೀರಾತು, ಕೊನೆಗೆ ಕಡ್ಲೆಕಾಯಿ ಕಟ್ಟಿಕೊಟ್ಟ ಪೊಟ್ಟಣದ ಕಾಗದ. ಪೊಟ್ಟಣದ ಕಾಗದದಲ್ಲಿ ಕಥೆ ಸರಿಯಾಗಿ ಅರ್ಧಕ್ಕೇ ಹರಿದಿರುತ್ತಿತ್ತು ಅನ್ನೋದೇ ಒಂದು ದುಃಖ.

ಇದನ್ನು ಹೇಳಿದ್ದು "ನಮ್ಮ ಕಾಲವೇ ಕಾಲ" ಅಂತ ರಾಗ ಎಳೆಯೋದಕ್ಕಲ್ಲ. ನಾವೇನೂ ಜಾಣರಾಗಿದ್ದೆವು ಅಂತ ಓದಲಿಲ್ಲ, ಬೇಜಾರಾಗಿತ್ತು ಅಂತ ಓದಿದೆವು. ಮೊಬೈಲ್ ಇದ್ದಿದ್ದರೆ ನಾವೂ ಮೊಬೈಲೇ ನೋಡುತ್ತಿದ್ದೆವು, ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಆದರೆ ನಮಗೆ ಇನ್ನೊಂದು ದೊಡ್ಡ ಅನುಕೂಲ ಇತ್ತು, ಅದು ಅನುಕೂಲ ಅಂತ ಆಗ ಗೊತ್ತಿರಲಿಲ್ಲ ಅಷ್ಟೇ. ಓದಿ ಮುಗಿಸಿದ ಮೇಲೆ ನಮ್ಮನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಹೋದ ವರ್ಷದ ಬೇಸಿಗೆ ರಜೆಗೆ ತಮ್ಮನ ಮಗ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದ. ನಾಲ್ಕನೇ ಕ್ಲಾಸು ಮುಗಿಸಿದ್ದ. ಹುಡುಗ ಓದೋ ಪೈಕಿಯವನೇ. ಸೋಫಾದಲ್ಲಿ ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ಓದುತ್ತಾನಲ್ಲ, ಆ ಥರದವನು. ಬಿಸ್ಕತ್ ಪೊಟ್ಟಣದ ಮೇಲೆ ಬರೆದಿದ್ದನ್ನೂ ಬಿಡುವವನಲ್ಲ. ಈ ಸಲ ಬರುವಾಗ ಬ್ಯಾಗಿನಲ್ಲಿ ಒಂದು ಹೊಸ ನೋಟ್‌ಬುಕ್ಕು ತಂದಿದ್ದ. ಶಾಲೆಯವರು ಕೊಟ್ಟಿದ್ದು, ಅದರ ಹೆಸರು "ಸಮ್ಮರ್ ರೀಡಿಂಗ್ ಲಾಗ್". ರಜೆಯಲ್ಲಿ 30 ಪುಸ್ತಕ ಓದಬೇಕು. ಒಂದೊಂದು ಪುಸ್ತಕಕ್ಕೂ ಒಂದೊಂದು ಸಾಲು: ತಾರೀಖು, ಪುಸ್ತಕದ ಹೆಸರು, ಬರೆದವರು, ಎಷ್ಟು ಪುಟ, ಕಲಿತ ಹೊಸ ಪದ ಐದು, ಕಥೆಯ ನೀತಿ, ಪೋಷಕರ ಸಹಿ. ಮೂವತ್ತೂ ತುಂಬಿಸಿದವರಿಗೆ ಬಂಗಾರದ ಬಣ್ಣದ ನಕ್ಷತ್ರ ಅಂಟಿಸಿದ ಸರ್ಟಿಫಿಕೇಟು.

ಉದ್ದೇಶ ಒಳ್ಳೇದೇ, ನಾನು ಇಲ್ಲ ಅನ್ನೋದಿಲ್ಲ. ಆದರೆ ಆ ಮೊದಲ ವಾರ ನೋಡಬೇಕಿತ್ತು ನೀವು. ಹುಡುಗ ಪುಸ್ತಕ ಆರಿಸೋದು ದಪ್ಪ ನೋಡಿ. ಎಂಟು ಪುಟದ್ದು, ಹನ್ನೆರಡು ಪುಟದ್ದು, ಮೂರು ವರ್ಷದ ಮಕ್ಕಳಿಗೆ ಅಂತ ಇರೋ ಚಿತ್ರದ ಪುಸ್ತಕ. ಒಂದು ದಿನ ಟಿಂಕಲ್ ಹಿಡಿದುಕೊಂಡು ಬಂದು, "ಅತ್ತೆ, ಸುಪ್ಪಂಡಿ ಕಥೆಗೆ ಮಾರಲ್ ಏನಂತ ಬರೀಲಿ?" ಅಂದ. ನಾನು ಯೋಚನೆ ಮಾಡೋದರೊಳಗೆ ತಾನೇ "ದಡ್ಡರಾಗಬಾರದು" ಅಂತ ಬರೆದುಕೊಂಡು ಹೋದ. ಪಾಪ ಸುಪ್ಪಂಡಿ! ಅವನು ದಡ್ಡನಾಗಿರೋದರಿಂದ ತಾನೇ ನಾವು ಓದೋದು?

ಇನ್ನೊಂದು ದಿನ ಅದಕ್ಕಿಂತ ಬೇಸರದ್ದು. ಪುಸ್ತಕ ಇನ್ನೂ ತೆಗೆದೇ ಇಲ್ಲ, ಬಂದು ಕೇಳ್ತಾನೆ, "ಅತ್ತೆ, ಇದರ ಮಾರಲ್ ಏನು? ಬೇಗ ಹೇಳು, ಬರೆದಿಟ್ಟು ಆಮೇಲೆ ಓದ್ತೀನಿ" ಅಂತ.

ಆವತ್ತು ನನಗೆ ಬೇತಾಳ ನೆನಪಾದ. ಚಂದಮಾಮ ಓದಿದವರಿಗೆ ಗೊತ್ತಲ್ಲ, ತಿಂಗಳು ತಿಂಗಳೂ ಒಂದು ಬೇತಾಳ ಕಥೆ. ವಿಕ್ರಮ ಮರದಿಂದ ಶವ ಇಳಿಸಿ ಹೆಗಲಿಗೆ ಹಾಕಿಕೊಂಡು ಹೊರಡ್ತಾನೆ. ಕತ್ತಿ ಹಿಡಿದು ಹೆಣ ಹೊತ್ತ ಆ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ದಾರಿಯಲ್ಲಿ ಬೇತಾಳ ಚೆಂದದ ಕಥೆ ಹೇಳುತ್ತೆ. ಹೇಳಿ ಮುಗಿಸಿದ್ದೇ ತಡ, ಪ್ರಶ್ನೆ. ಉತ್ತರ ಗೊತ್ತಿದ್ದೂ ಹೇಳದೆ ಹೋದರೆ ನಿನ್ನ ತಲೆ ಹೋಳಾಗುತ್ತೆ ಅಂತ ಬೆದರಿಕೆ ಬೇರೆ. ವಿಕ್ರಮ ಬಾಯಿ ಬಿಟ್ಟು ಉತ್ತರ ಹೇಳ್ತಾನೆ, ಹೇಳಿದ ತಕ್ಷಣ ಬೇತಾಳ ಹಾರಿ ಮತ್ತೆ ಮರ ಹತ್ತುತ್ತೆ. ಅಷ್ಟು ದೂರ ಹೊತ್ತು ತಂದಿದ್ದೆಲ್ಲ ಹೋಯ್ತು.

ಮಕ್ಕಳಿಗೆ ನಾವು ಮಾಡೋದೂ ಇದೇ ಅಲ್ವಾ? ಕಥೆ ಮುಗಿಯೋದೇ ಕಾಯ್ತಾ ಇರ್ತೀವಿ. "ಏನು ತಿಳ್ಕೊಂಡೆ? ನೀತಿ ಏನು? ರಾಜನಿಗೆ ಎಷ್ಟು ಜನ ಮಕ್ಕಳು?" ಮಗು ಉತ್ತರ ಹೇಳುತ್ತೆ. ಹೇಳಿದ ಕೂಡಲೇ ಕಥೆ ಅದರ ಹೆಗಲಿನಿಂದ ಹಾರಿ ಹೋಗುತ್ತೆ. ವಿಕ್ರಮನಿಗಾದರೂ ಮತ್ತೆ ಮರದ ಹತ್ತಿರ ಹೋಗುವ ಹಟ ಇತ್ತು. ಒಂಬತ್ತು ವರ್ಷದ ಹುಡುಗ ಎಷ್ಟು ಸಲ ಹೋಗ್ತಾನೆ?

ತಮ್ಮನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಒಪ್ಪಲಿಲ್ಲ. "ಅಕ್ಕಾ, ನೀನು ಹೇಳೋದು ಕೇಳೋಕೆ ಚೆನ್ನಾಗಿದೆ. ಆದರೆ ಏನೂ ಕೇಳದೇ ಇದ್ರೆ ಅವನು ಓದಿದಾನೋ ಸುಮ್ಮನೆ ಪುಟ ತಿರುಗಿಸಿದಾನೋ ಗೊತ್ತಾಗೋದು ಹೇಗೆ?" ಅಂದ. ನ್ಯಾಯವಾದ ಪ್ರಶ್ನೆ. ಆಗ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಈಗಲೂ ನನಗೆ ಅನ್ನಿಸೋದು ಇಷ್ಟೇ: ಕೆಲವು ಸಲ ಗೊತ್ತಾಗೋದಿಲ್ಲ, ಗೊತ್ತಾಗದೇ ಇದ್ದರೂ ನಡೆಯುತ್ತೆ. ಮಗು ಮಣ್ಣಲ್ಲಿ ಆಡಿ ಬಂದಾಗ "ಏನು ಕಲಿತೆ, ಐದು ವಾಕ್ಯದಲ್ಲಿ ಹೇಳು" ಅಂತ ಕೇಳ್ತೀವಾ? ಮಾವಿನಹಣ್ಣು ತಿಂದ ಮೇಲೆ?

ಇನ್ನು ಕೆಲವು ಸಲ ಕೇಳದೇನೇ ಗೊತ್ತಾಗುತ್ತೆ. ಅದರ ಗುರುತುಗಳು ಬೇರೆ. ಊಟಕ್ಕೆ ಕರೆದರೆ "ಬಂದೇ" ಅಂತ ಮೂರು ಸಲ ಹೇಳಿ ಬರದೇ ಇರೋದು. ಒಬ್ಬನೇ ಕೂತು ಕಿಸಕ್ ಅನ್ನೋದು. ಬಚ್ಚಲಿಗೂ ಪುಸ್ತಕ ತಗೊಂಡು ಹೋಗೋದು. ತಿಂಡಿ ತಿನ್ನುವಾಗ ಯಾವುದಕ್ಕೂ ಸಂಬಂಧ ಇಲ್ಲದ ಹಾಗೆ, "ಚಿರತೆ ಹಗಲು ಹೊತ್ತು ಎಲ್ಲಿ ಮಲಗುತ್ತೆ?" ಅಂತ ಕೇಳೋದು. ಪ್ರಶ್ನೆ ಕೇಳುವವರು ಯಾರು ಅನ್ನೋದರಲ್ಲೇ ಎಲ್ಲ ಇದೆ. ಓದಿದವನು ಕೇಳಬೇಕು. ಓದಿಸಿದವರಲ್ಲ.

ಚಿರತೆ ಪ್ರಶ್ನೆ ಬಂದಿದ್ದು ಹೇಗೆ ಅಂತ ಹೇಳ್ತೀನಿ. ಅದಕ್ಕೆ ಮೊದಲು ನಮ್ಮ ಮನೆಯ ಕಪಾಟಿನ ವಿಷಯ ಹೇಳಬೇಕು.

ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅವರ ಕಪಾಟು ಹಾಗೇ ಇದೆ. ವರ್ಷಕ್ಕೊಂದರಂತೆ ರಟ್ಟು ಹಾಕಿಸಿ ಬೈಂಡು ಮಾಡಿಸಿದ ಚಂದಮಾಮ, ರಾಷ್ಟ್ರೋತ್ಥಾನದವರ ಭಾರತ-ಭಾರತಿಯ ಪುಟ್ಟ ಪುಟ್ಟ ಪುಸ್ತಕಗಳು (ಒಟ್ಟು 510 ಬಂದಿದ್ದವು, ನಮ್ಮಲ್ಲಿ ನೂರಕ್ಕೆ ಸ್ವಲ್ಪ ಕಮ್ಮಿ ಇವೆ), ನವಕರ್ನಾಟಕದಲ್ಲಿ ಕೊಂಡ ನುಣುಪು ಕಾಗದದ ರಷ್ಯನ್ ಮಕ್ಕಳ ಪುಸ್ತಕಗಳು, ಕಾರಂತರು, ತೇಜಸ್ವಿ. ಆ ರಷ್ಯನ್ ಪುಸ್ತಕಗಳು 1991ರಲ್ಲಿ ಸೋವಿಯತ್ ಒಕ್ಕೂಟ ಹೋದಮೇಲೆ ಬರೋದು ನಿಂತುಹೋಯ್ತು. ಚಂದಮಾಮವೂ 2013ರ ಹೊತ್ತಿಗೆ ನಿಂತಿತು. ಅಮ್ಮ ವರ್ಷಕ್ಕೊಂದು ಸಲ ಎಲ್ಲ ಕೆಳಗಿಳಿಸಿ, ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು ಮತ್ತೆ ಜೋಡಿಸುತ್ತಾಳೆ. ಹೋದ ವರ್ಷ ಹಾಗೆ ಜೋಡಿಸುವಾಗ, ಕೋಪ ಏನಿಲ್ಲ, ಮಾಮೂಲಿ ದನಿಯಲ್ಲೇ ಅಂದಳು: "ನಾನು ಇರೋವರೆಗೆ ಇದು. ಆಮೇಲೆ ರದ್ದಿಗೆ ಹಾಕ್ತೀರಿ. ಓದೋರು ಯಾರಿದಾರೆ?"

ಮೊಮ್ಮಕ್ಕಳು ನಾಲ್ಕು ಜನ. ನಾಲ್ಕೂ ಜನ ಕನ್ನಡ ಚೆನ್ನಾಗಿ ಮಾತಾಡ್ತಾರೆ. ಕನ್ನಡದಲ್ಲಿ ಒಂದು ಕಥೆ ಪುಸ್ತಕ ತಾವಾಗಿ ಕೈಗೆತ್ತಿಕೊಂಡವರು ಒಬ್ಬರೂ ಇಲ್ಲ. ನನಗೆ ಏನು ಹೇಳೋದು ಅಂತ ತೋಚಲಿಲ್ಲ, ಬೇವಿನ ಸೊಪ್ಪು ಕೊಟ್ಟೆ.

ಈ ಹುಡುಗನಿಗೆ ಕನ್ನಡ ಅಕ್ಷರ ಬರಲ್ಲ ಅಂತಲ್ಲ. 2015ರ ಕಾಯ್ದೆ ಆದಮೇಲೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು, ಅವನ ಶಾಲೆಯಲ್ಲೂ ಕಲಿಸ್ತಾರೆ. ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸೂ ಬರುತ್ತೆ. ಆದರೆ ಓದೋದು ಬೇರೆ, ಓದಿ ಖುಷಿಪಡೋದು ಬೇರೆ. ಖುಷಿ ಸಿಗಬೇಕಾದರೆ ಒಂದು ವೇಗ ಬೇಕು. ಅಕ್ಷರ ಅಕ್ಷರಕ್ಕೂ ಎಡವುತ್ತಾ ಹೋದರೆ ವಾಕ್ಯದ ಕೊನೆ ಮುಟ್ಟೋದರೊಳಗೆ ಮೊದಲು ಏನಿತ್ತು ಅನ್ನೋದು ಮರೆತಿರುತ್ತೆ. ಸೈಕಲ್ಲು ತೀರಾ ನಿಧಾನವಾದರೆ ಬೀಳುತ್ತಲ್ಲ, ಹಾಗೆ.

ಅವನು ಎಲ್ಲೆಲ್ಲಿ ಎಡವ್ತಾನೆ ಅಂತ ಪಕ್ಕದಲ್ಲಿ ಕೂತು ಗಮನಿಸಿದೆ. ಮುಖ್ಯವಾಗಿ ಒತ್ತಕ್ಷರ. ಕ, ಗ, ಚ, ದ, ಪ ಇವೆಲ್ಲ ಒತ್ತಾಗಿ ಕೆಳಗೆ ಬಂದರೂ ತಲೆಕಟ್ಟು ಹೋಗಿರುತ್ತೆ ಅಷ್ಟೇ, ಗುರುತು ಸಿಗುತ್ತೆ. ಅಕ್ಕ, ಹಗ್ಗ, ಅಪ್ಪ. ಆದರೆ ತ, ನ, ಮ, ಯ, ರ, ಲ ಇದಾವಲ್ಲ, ಇವು ಒತ್ತಾದ ತಕ್ಷಣ ವೇಷವನ್ನೇ ಬದಲಾಯಿಸಿಬಿಡುತ್ತವೆ! ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಎಲ್ಲ ಮನೆಯಲ್ಲಿ ದಿನಾ ಆಡೋ ಮಾತುಗಳೇ, ಆದರೆ ಕಾಗದದ ಮೇಲೆ ನೋಡಿದರೆ ಮೇಲಿನ ಅಕ್ಷರಕ್ಕೂ ಕೆಳಗಿನ ಅಕ್ಷರಕ್ಕೂ ಸಂಬಂಧವೇ ಇಲ್ಲ. ಅದಾದಮೇಲೆ ಅರ್ಕಾವತ್ತು. ಸೂರ್ಯ ಅಂತ ಬರೆಯುವಾಗ ಆ ಸೊನ್ನೆ-ಬಾಲದ ಗುರುತು ಕೊನೆಗೆ ಬರುತ್ತೆ, ಓದುವಾಗ ಮೊದಲು ಹೇಳಬೇಕು. ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿ "ಸೂಯರ" ಅಂದ. ತಪ್ಪು ಯಾರದ್ದು ಹೇಳಿ? :) ಇದರ ಮೇಲೆ ನಮ್ಮ ಕ್ರಿಯಾಪದಗಳು. "ಕಾಣಿಸಿಕೊಳ್ಳುತ್ತಿದ್ದನಂತೆ" ಅನ್ನೋದು ಒಂದೇ ಪದ. ಅದನ್ನು ದಾಟೋದರೊಳಗೆ ಮಗುವಿನ ಉಸಿರು ನಿಂತಿರುತ್ತೆ.

ಪುಸ್ತಕದ ಕನ್ನಡ ಬೇರೆ, ನಾವು ಆಡೋ ಕನ್ನಡ ಬೇರೆ ಅನ್ನೋದು ಇನ್ನೊಂದು. ಹುಡುಗ ಹೇಳೋದು "ಬರ್ತಾ ಇದೆ", ಪುಸ್ತಕದಲ್ಲಿರೋದು "ಬರುತ್ತಿದೆ". ದೊಡ್ಡವರಿಗೆ ಇದೇನು ಮಹಾ ಅನ್ನಿಸಬಹುದು. ಮಗುವಿಗೆ ಅದು ಪಕ್ಕದ ಊರಿನ ಮಾತು.

ಹಾಗಾಗಿ "ಮಕ್ಕಳನ್ನು ಪುಸ್ತಕದ ಜೊತೆ ಸುಮ್ಮನೆ ಬಿಟ್ಟುಬಿಡಿ" ಅನ್ನೋ ಉಪದೇಶ ಅರ್ಧ ಮಾತ್ರ ಸರಿ. ವೇಗ ಬಂದವರನ್ನು ಬಿಡಬಹುದು. ವೇಗ ಇನ್ನೂ ಬಂದಿಲ್ಲದವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಓದೋಕೆ ಬರೋ ಮಕ್ಕಳಿಗೂ ಓದಿ ಹೇಳಬೇಕು, ಇದನ್ನು ಬಹಳ ಜನ ಮೂರನೇ ಕ್ಲಾಸಿಗೇ ನಿಲ್ಲಿಸಿಬಿಡ್ತಾರೆ.

ನಮ್ಮ ಮನೆಯಲ್ಲಿ ಆ ಕೆಲಸ ಮಾಡಿದ್ದು ಅಮ್ಮ. ಏಳನೇ ಕ್ಲಾಸಿನವರೆಗೆ ಓದಿದವಳು. ಮಕ್ಕಳ ಮನಶ್ಶಾಸ್ತ್ರ ಗಿನಶ್ಶಾಸ್ತ್ರ ಅವಳಿಗೆ ಗೊತ್ತಿಲ್ಲ. ಮಧ್ಯಾಹ್ನ ಊಟ ಆದಮೇಲೆ ಜಗುಲಿಯಲ್ಲಿ ಕನ್ನಡಕ ಹಾಕಿಕೊಂಡು ತನಗೋಸ್ಕರ ಓದಿಕೊಳ್ಳುತ್ತಾಳೆ, ಸ್ವಲ್ಪ ದನಿ ಮಾಡಿ ಓದೋ ಅಭ್ಯಾಸ. ಆವತ್ತು ಅವಳ ಕೈಯಲ್ಲಿದ್ದದ್ದು ತೇಜಸ್ವಿಯವರ ಕಾಡಿನ ಕತೆಗಳ ಒಂದು ಭಾಗ, "ಜಾಲಹಳ್ಳಿಯ ಕುರ್ಕ". ಕೆನೆತ್ ಆಂಡರ್ಸನ್ ಅನ್ನೋ ಬೇಟೆಗಾರ ಬರೆದದ್ದನ್ನು ತೇಜಸ್ವಿ ಕನ್ನಡಕ್ಕೆ ತಂದಿದ್ದು. ಹುಡುಗ ಅಲ್ಲೇ ನೆಲದ ಮೇಲೆ ಬಿದ್ದುಕೊಂಡು ಲಾಗಿನಲ್ಲಿ ಹೊಸ ಪದ ಐದು ತುಂಬಿಸ್ತಾ ಇದ್ದ.

"ಅಜ್ಜಿ, ಕುರ್ಕ ಅಂದ್ರೆ ಏನು?"

"ಚಿರತೆ ಕಣೋ."

"ಜಾಲಹಳ್ಳೀಲಿ ಚಿರತೆನಾ? ಅಜ್ಜೀ, ಅಲ್ಲಿ ಮೆಟ್ರೋ ಸ್ಟೇಷನ್ ಇದೆ!"

"ಇದು ಮೆಟ್ರೋಗಿಂತ ಮುಂಚೆ" ಅಂತ ಹೇಳಿ ಅಮ್ಮ ಓದೋದು ಮುಂದುವರಿಸಿದಳು. ಮೊದಲಿಂದ ಓದು ಅಂತ ಅವನು. ಸರಿ, ಮೊದಲಿಂದ. ಅವಳು ಓದೋದು ಇದ್ದ ಹಾಗೆ ಅಲ್ಲ, "ಬರುತ್ತಿದೆ" ಅಂತ ಇದ್ದರೆ "ಬರ್ತಾ ಇದೆ" ಅಂತಲೇ ಅವಳ ಬಾಯಿಗೆ ಬರುತ್ತೆ. ಹುಡುಗ ಮೊದಲು ಕಾಲ ಹತ್ತಿರ ಇದ್ದವನು ಆಮೇಲೆ ಪಕ್ಕಕ್ಕೆ ಬಂದ, ಆಮೇಲೆ ಹೆಗಲ ಮೇಲಿಂದ ಪುಟ ನೋಡೋಕೆ ಶುರು ಮಾಡಿದ. ಸರಿಯಾಗಿ ಎದೆ ಢವಗುಟ್ಟುವ ಜಾಗಕ್ಕೆ ಬಂದಾಗ ಅಮ್ಮ ಪುಸ್ತಕ ಮಗುಚಿಟ್ಟು, "ಹಾಲಿನವನು ಬರೋ ಹೊತ್ತಾಯ್ತು" ಅಂತ ಎದ್ದು ಹೋದಳು. ಬೇಕು ಅಂತಲೇ ಎದ್ದಳೋ ನಿಜವಾಗಿ ಹಾಲಿನವನಿಗೋ ನನಗೆ ಗೊತ್ತಿಲ್ಲ, ಕೇಳಿದರೆ ನಗ್ತಾಳೆ. ನಾನು ಅಡುಗೆಮನೆಯಿಂದ ಬಂದು ನೋಡುವಾಗ ಹುಡುಗ ಪುಸ್ತಕ ತೊಡೆ ಮೇಲಿಟ್ಟುಕೊಂಡು, ಬೆರಳಿಟ್ಟು, ತುಟಿ ಅಲ್ಲಾಡಿಸ್ತಾ ಓದ್ತಾ ಇದ್ದ. ಅರ್ಧ ಪುಟಕ್ಕೆ ಹತ್ತು ನಿಮಿಷ ಆಗಿರಬೇಕು. ಸೂರ್ಯನನ್ನು ಸೂಯರ ಅಂದನೋ ಏನೋ. ನಾನು ಆ ಕಡೆ ಹೋಗಲಿಲ್ಲ.

ಧಾರಾವಾಹಿ ಬರೆಯುವವರಿಗೆ ಈ ಗುಟ್ಟು ಯಾವಾಗಲೋ ಗೊತ್ತಿತ್ತು. "ಮುಂದಿನ ವಾರಕ್ಕೆ" ಅನ್ನೋ ಎರಡು ಪದ ಇಟ್ಟು ತಲೆಮಾರುಗಟ್ಟಲೆ ಹೆಂಗಸರನ್ನೂ ಗಂಡಸರನ್ನೂ ಓದಿಸಿದವರು ಅವರು.

ಲಾಗ್ ಏನಾಯ್ತು ಅಂತ ಕೇಳ್ತೀರಾ? ಅದೊಂದು ತಮಾಷೆ. ಒಂದು ದಿನ ಪೋಷಕರ ಸಹಿ ಬೇಕು ಅಂತ ಅಮ್ಮನ ಹತ್ತಿರ ತಗೊಂಡು ಹೋದ. ಅಮ್ಮ ಪೆನ್ನು ತಗೊಂಡು, ಮೊದಲ ಸಾಲಿಂದ ಮೂವತ್ತನೇ ಸಾಲಿನವರೆಗೆ, ಖಾಲಿ ಸಾಲಿಗೂ ಸೇರಿಸಿ, ಒಂದೇ ಉಸಿರಿಗೆ ತನ್ನ ಪೂರ್ತಿ ಹೆಸರು ಕನ್ನಡದಲ್ಲಿ ಸಹಿ ಹಾಕಿಬಿಟ್ಟಳು. "ಆಯ್ತಲ್ಲ, ಇನ್ನು ಅದನ್ನು ಒಳಗಿಡು." ತಮ್ಮನಿಗೆ ಇದು ಸರಿ ಕಾಣಲಿಲ್ಲ, ಫೋನಿನಲ್ಲಿ ಅಮ್ಮನ ಮೇಲೆ ರೇಗಿದ. "ನಾನೇನು ಪೋಷಕಳಲ್ವಾ?" ಅಂದಳು ಅಮ್ಮ. ಕೊನೆಗೆ ಬೆಂಗಳೂರಿಗೆ ಹೊರಡುವ ಮುಂಚೆ ನೆನಪಿದ್ದಷ್ಟು ತುಂಬಿಸೋದು ಅಂತ ರಾಜಿ ಆಯ್ತು. ಹನ್ನೊಂದು ಸಾಲು ತುಂಬಿತು. ನೀತಿಯ ಕಾಲಮ್ಮಿನಲ್ಲಿ ಜಾಲಹಳ್ಳಿ ಪುಸ್ತಕದ ಎದುರಿಗೆ "ಇಲ್ಲ" ಅಂತ ಬರೆದಿದ್ದ. ಬಂಗಾರದ ನಕ್ಷತ್ರ ಸಿಗಲಿಲ್ಲ.

ಇಷ್ಟಕ್ಕೇ ಅವನು ದೊಡ್ಡ ಕನ್ನಡ ಓದುಗ ಆಗಿಬಿಟ್ಟ ಅಂತ ನಾನು ಹೇಳ್ತಾ ಇಲ್ಲ. ಆ ರಜೆಯಲ್ಲಿ ಕನ್ನಡದಲ್ಲಿ ತಾನಾಗಿ ಓದಿದ್ದು ಎರಡು ಪುಸ್ತಕ, ಎರಡನೆಯದು ಮುಕ್ಕಾಲು. ಮುಕ್ಕಾಲಿಗೆ ಬಿಟ್ಟಿದ್ದಕ್ಕೂ ಯಾರೂ ಏನೂ ಅನ್ನಲಿಲ್ಲ. ಅವನ ಅಕ್ಕ, ಏಳನೇ ಕ್ಲಾಸು, ಅವಳೂ ಅದೇ ಜಗುಲಿಯಲ್ಲಿದ್ದಳು, ಅದೇ ಕಥೆ ಅವಳ ಕಿವಿಗೂ ಬಿತ್ತು. ಅವಳು ಸೈಕಲ್ ತಗೊಂಡು ತುಂಗಾ ನದಿ ಕಡೆ ಹೋದಳು. ದಿನಾ ಹೋದಳು. ಚೆನ್ನಾಗೇ ಇದ್ದಾಳೆ. ಎಲ್ಲ ಮಕ್ಕಳೂ ಓದಲೇಬೇಕು ಅನ್ನೋದೂ ಒಂಥರಾ ಲಾಗೇ.

ಯಾವ ಪುಸ್ತಕ ಕೊಡಬೇಕು ಅಂತ ಕೇಳುವವರಿಗೆ ನನ್ನ ಅನುಭವದ ಒಂದೆರಡು ಮಾತು. ಚಿಕ್ಕವರಿಗೆ, ಇನ್ನೂ ಅಕ್ಷರ ಕೂಡಿಸಿ ಓದುವವರಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಪುಸ್ತಕಗಳು ಚೆನ್ನಾಗಿವೆ. 2015ರಿಂದ ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ್ದೂ ಸೇರಿ ನೂರಾರು ಕಥೆಗಳು ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟೂ ಹಾಕಿಕೊಳ್ಳಬಹುದು. ಕಥೆಗಳನ್ನು ಕಷ್ಟದ ಪ್ರಕಾರ ಹಂತ ಹಂತವಾಗಿ ವಿಂಗಡಿಸಿದ್ದಾರೆ. ಮಗುವಿನ ಕ್ಲಾಸಿಗಿಂತ ಒಂದು ಹಂತ ಕೆಳಗಿನದನ್ನೇ ಮೊದಲು ಕೊಡಿ, ಸಲೀಸಾಗಿ ಓದಿ ಮುಗಿಸಿದೆ ಅನ್ನೋ ಜಂಬ ಬಹಳ ಕೆಲಸ ಮಾಡುತ್ತೆ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಪುಸ್ತಕಗಳಲ್ಲಿ ಚಿತ್ರ ಚೆನ್ನಾಗಿರುತ್ತೆ. ಓದಿ ಹೇಳೋದಕ್ಕೆ ಅನುಪಮಾ ನಿರಂಜನ ಅವರ "ದಿನಕ್ಕೊಂದು ಕಥೆ", ಹನ್ನೆರಡು ಸಂಪುಟ, ತಿಂಗಳಿಗೊಂದು. ಅದರಲ್ಲಿ ಮಜಾ ಏನಂದ್ರೆ ಮಕ್ಕಳು ಮೊದಲು ತಮ್ಮ ಹುಟ್ಟಿದ ದಿನದ ಕಥೆ ಹುಡುಕ್ತಾರೆ.

ಅನುವಾದದ ಪುಸ್ತಕ ಕೊಳ್ಳುವಾಗ ಮಾತ್ರ ಅಂಗಡಿಯಲ್ಲೇ ನಿಂತು ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ನಿಮ್ಮ ನಾಲಿಗೆಯೇ ತೊಡರಿದರೆ ಮಗುವಿಗೆ ಕೊಡಬೇಡಿ, ಚಿತ್ರ ಎಷ್ಟೇ ಚೆನ್ನಾಗಿರಲಿ.

ಕಾಮಿಕ್ಸು ಓದಿದರೆ ಹಾಳಾಗ್ತಾರೆ ಅನ್ನೋದನ್ನು ನಾನು ಒಪ್ಪಲ್ಲ. ಅಮರ ಚಿತ್ರಕಥೆ, ಟಿಂಕಲ್ ಎರಡನ್ನೂ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರಿಂದಾಗಿ ಪುರಾಣ ತಿಳಿದುಕೊಂಡವರು ಎಷ್ಟು ಜನ ಇಲ್ಲ! ಹಾಗೇ ಕಥೆ ಮಾತ್ರ ಓದು ಅಂತಲೂ ಅಲ್ಲ. ಕೆಲವು ಮಕ್ಕಳಿಗೆ ಕಥೆ ಬೇಡ, ಹಾವು, ರೈಲು, ಜ್ವಾಲಾಮುಖಿ ಬೇಕು. ಶಿವರಾಮ ಕಾರಂತರು 1936ರಲ್ಲೇ ಅಂಥ ಮಕ್ಕಳಿಗಾಗಿ ಮೂರು ಸಂಪುಟದ "ಬಾಲಪ್ರಪಂಚ" ತಂದಿದ್ದರು. ಸ್ವಲ್ಪ ದೊಡ್ಡವರಿಗೆ, ಹತ್ತು ಹನ್ನೊಂದು ದಾಟಿದವರಿಗೆ, ತೇಜಸ್ವಿಯವರ "ಪರಿಸರದ ಕತೆ" ಕೊಟ್ಟು ನೋಡಿ. ಅದರಲ್ಲಿ ಬರುವ ಕಿವಿ ಅನ್ನೋ ನಾಯಿಯ ಮೇಲೆ ಪ್ರೀತಿ ಹುಟ್ಟದ ಮಗುವನ್ನು ನಾನಂತೂ ನೋಡಿಲ್ಲ.

ಎಲ್ಲವನ್ನೂ ಕೊಳ್ಳಬೇಕು ಅಂತಿಲ್ಲ. ನಾವು ಗ್ರಂಥಾಲಯಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ. ಪಟ್ಟಣದಲ್ಲಿರುವವರು ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಬಂದಿದ್ದು ಅದು, ತೆರಿಗೆಯ ಮೇಲೆ ನೂರಕ್ಕೆ 6. ಕೊಟ್ಟಮೇಲೆ ಉಪಯೋಗಿಸಿಕೊಳ್ಳಬಾರದಾ? ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನಲ್ಲಿ ಮಕ್ಕಳಿಗೇ ಅಂತ ಇಂದಿರಾ ಪ್ರಿಯದರ್ಶಿನಿ ಗ್ರಂಥಾಲಯ ಇದೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರ ಅಂತ ಬೋರ್ಡು. 2019ರಲ್ಲಿ ಇವನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದರು. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, "ಓದುವ ಬೆಳಕು" ಅಂತ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಎಲ್ಲ ಕಡೆ ಒಂದೇ ಥರ ನಡೀತಿದೆ ಅಂತ ಹೇಳೋಕಾಗಲ್ಲ. ನಮ್ಮ ಸೋದರಮಾವನ ಊರಿನಲ್ಲಿ ಬೀರುವಿಗೆ ಬೀಗ, ಬೀಗದ ಕೈ ಇರುವವರು ಬರೋದು ಸಂಜೆ. ಅಲ್ಲಿಂದ ಎಂಟು ಕಿಲೋಮೀಟರ್ ಆಚೆಯ ಪಂಚಾಯಿತಿಯಲ್ಲಿ ನೆಲಕ್ಕೆ ಬಣ್ಣದ ಚಾಪೆ, ಮಕ್ಕಳ ಕೈಗೆಟಕುವ ಎತ್ತರಕ್ಕೆ ಪುಸ್ತಕ, ಗೋಡೆ ಮೇಲೆ ಮಕ್ಕಳೇ ಬರೆದ ಚಿತ್ರ. ಬೀರುವಿಗೆ ಬೀಗ ಇದ್ದರೆ ಕೇಳಿ ತೆಗೆಸಿ. ದಿನಾ ನಾಲ್ಕು ಮಕ್ಕಳು ಹೋಗಿ ಕೇಳಿದರೆ ಬೀಗ ಹಾಕೋದೇ ಬೇಜಾರಾಗುತ್ತೆ ಅವರಿಗೆ.

ಗ್ರಂಥಾಲಯಕ್ಕೆ ಕರೆದುಕೊಂಡು ಹೋದಾಗ ಪುಸ್ತಕ ಆರಿಸೋದನ್ನು ಮಗುವಿಗೇ ಬಿಡಿ. ತೀರಾ ಚಿಕ್ಕವರದ್ದು ತೆಗೆದರೂ ಸರಿ, ಅರ್ಥವಾಗದ ದಪ್ಪ ಪುಸ್ತಕ ತೆಗೆದರೂ ಸರಿ, ಹೋದ ಸಲ ತೆಗೆದದ್ದನ್ನೇ ಮತ್ತೆ ತೆಗೆದರೂ ಸರಿ. ಒಂದೂವರೆ ಗಂಟೆ ಬಿಡುವು ಮಾಡಿಕೊಂಡೇ ಹೋಗಿ, ಬೇಗ ಬೇಗ ಅಂತ ಬಾಗಿಲಲ್ಲಿ ನಿಲ್ಲಬೇಡಿ. ಅಷ್ಟು ಹೊತ್ತು ಏನು ಮಾಡೋದು ಅಂತ ಯೋಚನೆಯಾದರೆ, ಪಕ್ಕದ ಬೀರುವಿನಲ್ಲಿ ದೊಡ್ಡವರ ಪುಸ್ತಕಗಳೂ ಇರುತ್ತವೆ.